ಎರಡು ಸ್ಟೇಷನ್ ನಡುವಿನ ಸದ್ದು

ಜೂನ್ 2, ಸೋಮವಾರ

ಗಿಟಾರಿಗೆ ಹೊಸ ತಂತಿ ಹಾಕಿದೆ. ಹಳೆಯ ಆರರಲ್ಲಿ ನಾಲ್ಕಕ್ಕೆ ತುಕ್ಕು. ಪಾಠಕ್ಕೆ ಮೂವರು ಬಂದಿದ್ದರು. ಒಬ್ಬಳಿಗೆ ಬೆರಳು ನೋವು. ಇನ್ನೊಬ್ಬನಿಗೆ ಮನಸ್ಸಿಲ್ಲ. ಮೂರನೆಯವರು ರಿಟೈರ್ ಆದ ಬ್ಯಾಂಕ್ ಮ್ಯಾನೇಜರು, ಅವರಿಗೆ ತಾಳವೇ ಇಲ್ಲ. ಆದರೆ ಮೂವರಲ್ಲಿ ಖುಷಿಯಾಗಿರುವವರು ಅವರೊಬ್ಬರೇ.

ಅಪ್ಪ ಇವತ್ತೂ ಮಾತಾಡಲಿಲ್ಲ. ಫೆಬ್ರವರಿಯಲ್ಲಿ ಸ್ಟ್ರೋಕ್ ಆದಾಗ ಬಲಗೈ, ಬಲಗಾಲು, ಮಾತು — ಮೂರೂ ಒಟ್ಟಿಗೆ ಹೋದವು. ಕಾಲು ಸ್ವಲ್ಪ ವಾಪಸ್ ಬಂದಿದೆ. ವಾರಕ್ಕೆರಡು ಸಲ ಬರುವ ಸ್ಪೀಚ್ ಡಾಕ್ಟರಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು.

"ಒಂದೇ ಒಂದು ಪದ ಬರ್ಲಿ, ಆಮೇಲೆ ದಾರಿ ಇದೆ. ಆದ್ರೆ ಆರು ತಿಂಗ್ಳು ಕಳೆದ್ರೆ ಕಷ್ಟ ಆಗುತ್ತೆ ನೋಡಿ."

ನಾಲ್ಕು ಕಳೆದಿವೆ. ಅಮ್ಮನಿಗೆ ಹೇಳಲಿಲ್ಲ. ಹೇಳದೆಯೂ ಅವಳಿಗೆ ಗೊತ್ತಿರಬೇಕು, ಕ್ಯಾಲೆಂಡರ್ ಕಡೆ ನೋಡುವುದನ್ನೇ ಬಿಟ್ಟಿದ್ದಾಳೆ.

ಜೂನ್ 5, ಗುರುವಾರ, ಸಂಜೆ

ಮೀಸೆ ಬಂದ. ಮೀಸೆ ಬೋಳಿಸಿ ಹತ್ತು ವರ್ಷವಾಯಿತು, ಆದರೂ ಬ್ಯಾಂಡಿನಲ್ಲಿ ಅವನು ಮೀಸೆಯೇ. ಹದಿನೆಂಟು ವರ್ಷದಿಂದ ನಾವಿಬ್ಬರೂ ಅಕ್ಕಪಕ್ಕ ನಿಂತು ಗಿಟಾರ್ ನುಡಿಸುತ್ತಿದ್ದೇವೆ. ಇವತ್ತು ಗಿಟಾರ್ ತಂದಿರಲಿಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಏನನ್ನೋ ಸುತ್ತಿಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದ.

ಸಿಂಥಸೈಜರ್! ನಮಗಿಂತ ವಯಸ್ಸಾದದ್ದು. ಹಳೆಯ ರೆಕಾರ್ಡಿಂಗ್ ಸ್ಟುಡಿಯೋ ಮುಚ್ಚುತ್ತಿದ್ದಾರಂತೆ. ಮ್ಯೂಸಿಯಂನವರು ಮೂವತ್ತಕ್ಕೆ ಬಂದು ಒಯ್ಯುತ್ತಾರಂತೆ. ಅಲ್ಲಿಯವರೆಗೆ ಇಡಲು ಜಾಗ ಬೇಕು.

"ನೀನೇ ಇಟ್ಕೊಳೆ. ನಮ್ಮನೇಲಿ ನನಗೇ ಜಾಗ ಇಲ್ಲ."

ಕೀಬೋರ್ಡ್‌ನವರನ್ನು ಇಷ್ಟು ವರ್ಷ "ಟೈಪಿಸ್ಟ್" ಅಂತ ಆಡಿಕೊಂಡವರು ನಾವು. ಬೇಡ ಅನ್ನಬೇಕಿತ್ತು. ಬೆಡ್‌ಶೀಟ್ ಬಿಚ್ಚಿದೆ. ಎರಡು ಕಡೆ ಮರ, ಹಳದಿಯಾದ ಕೀಗಳು, ಮೇಲೆ ಇಪ್ಪತ್ತಾರು ನಾಬ್. ಪರದೆ ಇಲ್ಲ. ನೆನಪಿನ ಶಕ್ತಿ ಇಲ್ಲ — ಒಂದು ಸದ್ದು ಇಷ್ಟವಾದರೆ ಯಾವ ನಾಬ್ ಎಲ್ಲಿದೆ ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಹೋಯಿತು.

ಸ್ವಿಚ್ ಹಾಕಿದ ತಕ್ಷಣ ಇಬ್ಬರೂ ಶ್ರುತಿ ಮಾಡಲು ಕೈ ಹಾಕಿದೆವು. ಗಿಟಾರಿನವರ ಚಟ. ಯಾರ ಮನೆಯ ವಾದ್ಯ ಕೈಗೆ ಸಿಕ್ಕರೂ ಮೊದಲು ಅದರ ಕಿವಿ ಹಿಂಡುವುದು. ಆಮೇಲೆ ಮೀಸೆ ಐದು ಬೆರಳು ಅಗಲಿಸಿ ದೊಡ್ಡದಾಗಿ, ಐದು ಸ್ವರ ಒಟ್ಟಿಗೆ ಬರುವ ಒಂದು ಕಾರ್ಡ್ ಒತ್ತಿದ. ಒಂದೇ ಸ್ವರ ಬಂತು. ಮತ್ತೆ ಒತ್ತಿದ. ಒಂದೇ. ಒಂದು ಸಲಕ್ಕೆ ಒಂದೇ ಸ್ವರ ಹೇಳುವ ಯಂತ್ರ ಅದು. ಆರು ತಂತಿಯ ಜಂಬ ಇಳಿಯಿತು. ನಗು ತಡೆಯಲಾಗಲಿಲ್ಲ.

ಹೋಗುವಾಗ ಎಚ್ಚರಿಕೆ: "ಹಳೇ ಮಷೀನು, ಜಾಸ್ತಿ ಹೊತ್ತು ಆನ್ ಇಡ್ಬೇಡ. ಒಳಗೆ ಏನಾದ್ರೂ ಸುಟ್ಟೋದ್ರೆ ಮ್ಯೂಸಿಯಂನವ್ರು ನಮ್ಮನ್ನೇ ಗಾಜಿನ ಪೆಟ್ಟಿಗೇಲಿ ಕೂರಿಸ್ತಾರೆ."

ಜೂನ್ 7, ಶನಿವಾರ

ಮಧ್ಯಾಹ್ನವೆಲ್ಲ ಆಟ. ಹತ್ತು ನಿಮಿಷ ಆನ್, ಅರ್ಧ ಗಂಟೆ ಆಫ್. ಮೀಸೆ ಹೇಳಿದಂತೆ.

ಗಿಟಾರಿನಲ್ಲಿ ಸ್ವರ ಮೀಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಇದರಲ್ಲಿ ಹಾಗಲ್ಲ. ಕೀ ಮೇಲೆ ಬೆರಳಿಟ್ಟರೆ ಇದ್ದಷ್ಟು ಹೊತ್ತೂ ಇರುತ್ತದೆ. ಇನ್ನೊಂದು ಕೈಯಲ್ಲಿ ನಾಬ್ ತಿರುಗಿಸಿದರೆ ಅದೇ ಸ್ವರ ಕಣ್ಣು ಮುಚ್ಚುತ್ತದೆ, ತೆರೆಯುತ್ತದೆ. ಒಂದೇ ಸ್ವರದೊಳಗೆ ಇಪ್ಪತ್ತು ನಿಮಿಷ ಅಲೆದಾಡಿದೆ. ಇಪ್ಪತ್ತು! ಹತ್ತು ಅಂತ ನಿಯಮ ಇತ್ತು...

ಮೂವತ್ತು ವರ್ಷದಿಂದ ಬೆರಳು ಎಲ್ಲಿಡಬೇಕು ಅಂತ ಗೊತ್ತಿದ್ದವಳು ನಾನು. ಏನೂ ಗೊತ್ತಿಲ್ಲದೆ ವಾದ್ಯದ ಮುಂದೆ ಕೂರುವುದು ಇಷ್ಟು ಸುಖ ಅಂತ ಮರೆತೇ ಹೋಗಿತ್ತು. ಮೀಸೆಗೆ ಫೋನ್ ಮಾಡಿ, ಮಷೀನಿನಲ್ಲಿ ಮಾಡಿದ ಒಂದು ಪಾರಿವಾಳದ ಸದ್ದು ಕೇಳಿಸಿದೆ. "ಅದು ಪಾರಿವಾಳ ಅಲ್ಲ, ನಮ್ ಮಾವ ಗೊರಕೆ ಹೊಡೆಯೋದು" ಅಂದ. ಅಮ್ಮ ಅಡುಗೆಮನೆಯಿಂದ: "ಸಿಂಕಿನಲ್ಲಿ ನೀರು ಕಟ್ಕೊಂಡಿದೆ ಅಂತ ಎದ್ದು ಬಂದೆ ಕಣೆ. ನಿಂದಾ?"

ಜೂನ್ 8, ಭಾನುವಾರ

ಈಗಲೇ ಬರೆಯಬೇಕು.

ಬೆಳಿಗ್ಗೆ ಹತ್ತಕ್ಕೆ ಸ್ವಲ್ಪ ಆಡಿ ರಿಹರ್ಸಲ್‌ಗೆ ಓಡಿದ್ದೆ. ಬಂದಾಗ ಮೂರು. ನೋಡಿದರೆ ಮಷೀನು ಆನ್ ಆಗಿಯೇ ಇದೆ! ಬಗ್ಗಿ ಮೂಸಿದೆ. ಸುಟ್ಟ ವಾಸನೆ ಇಲ್ಲ. ಬದುಕಿದೆ ಅಂದುಕೊಂಡು, ಆಫ್ ಮಾಡುವ ಮೊದಲು ಒಂದು ಕೀ ಒತ್ತಿದೆ.

ಆ ಸದ್ದು.

ಅಪ್ಪನ ರೇಡಿಯೋ ರಿಪೇರಿ ಅಂಗಡಿಯ ಸದ್ದು. ಮುಳ್ಳು ಒಂದು ಸ್ಟೇಷನ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ನಡುವೆ ಬರುತ್ತಿತ್ತಲ್ಲ — ಎರಡು ಸಣ್ಣ ಸೀಟಿ ಒಂದಕ್ಕೊಂದು ಅಂಟಿಯೂ ಅಂಟದೆ, ನಿಧಾನವಾಗಿ ತೂಗುತ್ತಾ, ಹಿಂದೆ ಮೆತ್ತಗೆ ಮಳೆ ಬಿದ್ದಂಥ ಸರಸರ. ನನಗೆ ಆರು ವರ್ಷ. ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಅಪ್ಪ ಸ್ವಿಚ್ ಹಾಕುತ್ತಿದ್ದರು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಡಬ್ಬಿಯೊಳಗೆ ಕಿತ್ತಳೆ ಬಣ್ಣದ ಬೆಳಕು, ಆಮೇಲೆ ಆ ಸದ್ದು. ನಾನು ಕೈ ಚಾಚುತ್ತಿದ್ದೆ. "ಮುಟ್ಬೇಡ" ಅನ್ನುತ್ತಿದ್ದರು. ಆ ಅಂಗಡಿಯಲ್ಲಿ ಅಪ್ಪ ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು ಅದೇ.

ಒಳಕೋಣೆಯ ಬಾಗಿಲು ತೆರೆದಿತ್ತು. ಅಪ್ಪ ಮುಖ ಇತ್ತ ತಿರುಗಿಸಿದ್ದರು. ಎಡಗೈಯ ಎರಡು ಬೆರಳು ಹೊದಿಕೆಯ ಮೇಲೆ ಏನನ್ನೋ ತಿರುಗಿಸುತ್ತಿದ್ದವು. ತುಟಿ ಸೇರಿತು. "ಮ್..." ಅಂದರು. ನಿಜವಾಗಿ ಅಂದರು. ಅಮ್ಮನೂ ಕೇಳಿಸಿಕೊಂಡಳು. ಅವಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತ್ತು.

ಇಪ್ಪತ್ತಾರು ನಾಬ್‌ಗಳನ್ನೂ ಒಂದೊಂದಾಗಿ ಕಾಗದದಲ್ಲಿ ಗುರುತು ಹಾಕಿದೆ. ಎರಡೆರಡು ಸಲ ತಾಳೆ ನೋಡಿದೆ. ಫೋಟೋ ತೆಗೆದೆ. ಆಮೇಲೆ ಆಫ್ ಮಾಡಿ, ಒದ್ದೆ ಬಟ್ಟೆ ಹಿಂಡಿ, ಪಾಪ, ಅದರ ಬಿಸಿ ಬೆನ್ನು ಒರೆಸಿದೆ. ಇನ್ನು ಮೇಲೆ ಹೀಗೆ ಗಂಟೆಗಟ್ಟಲೆ ಬಿಡುವುದಿಲ್ಲ.

ಜೂನ್ 11, ಬುಧವಾರ

ಸಿಗುತ್ತಿಲ್ಲ.

ಕಾಗದದಲ್ಲಿ ಹೇಗಿದೆಯೋ ಹಾಗೇ ಇಟ್ಟಿದ್ದೇನೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಎರಡು ಸೀಟಿಗಳು ಜಗಳವಾಡುತ್ತವೆ. ಒಂದು ನಾಬ್ ಸರಿಮಾಡುವಷ್ಟರಲ್ಲಿ ಇನ್ನೊಂದು ಜಾರುತ್ತದೆ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಹತ್ತು ನಿಮಿಷವಾಗುತ್ತಲೇ ಆಫ್. ಮತ್ತೆ ಆನ್. ಮತ್ತೆ ಶ್ರುತಿ.

ಡಾಕ್ಟರಮ್ಮನಿಗೆ ಆ "ಮ್..." ಬಗ್ಗೆ ಹೇಳಿದೆ. ಕಣ್ಣರಳಿಸಿದರು. "ಅದೇ ಸದ್ದು ಮತ್ತೆ ಮತ್ತೆ ಕೇಳಿಸಿ. ಅವ್ರು ಏನೋ ಹೇಳೋಕೆ ಹೊರಟಿದಾರೆ."

ಹೊರಟಿದ್ದಾರೆ. ನಾನೇ ದಾರಿ ಮುಚ್ಚಿಬಿಟ್ಟಿದ್ದೇನೆ.

ಜೂನ್ 13, ಶುಕ್ರವಾರ

ಮಷೀನನ್ನು ಅಪ್ಪನ ಕೋಣೆಗೇ ತಂದೆ. ಕಿಟಕಿ ಪಕ್ಕ ಮೇಜು, ಮೇಜಿನ ಪಕ್ಕ ಅಪ್ಪನ ಕುರ್ಚಿ. ಸ್ವಿಚ್ ಹಾಕಿ ಟ್ಯೂನ್ ಮಾಡುತ್ತಿದ್ದೆ, ಅಪ್ಪ ಎಡಗೈ ಚಾಚಿ ಅಂಗೈಯನ್ನು ಅದರ ಬೆನ್ನ ಮೇಲೆ ಇಟ್ಟರು. ನನ್ನ ಕಡೆ ನೋಡಿದರು.

ಸಾಕು ಅಂತ.

ಆಫ್ ಮಾಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡರು.

ಜೂನ್ 15, ಭಾನುವಾರ

ನಿನ್ನೆಯೂ ಹಾಗೇ, ಇವತ್ತೂ ಹಾಗೇ. ಹಾಕುತ್ತೇನೆ, ಶ್ರುತಿ ತಿರುಚುತ್ತೇನೆ, ಅಪ್ಪ ಅಂಗೈ ಇಡುತ್ತಾರೆ, ನಾನು ನಿಲ್ಲಿಸುತ್ತೇನೆ. ಇವತ್ತು ಅಂಗೈಯಿಂದ ಎರಡು ಸಲ ತಟ್ಟಿದರು. ಸಿಟ್ಟು ಬಂದಿರಬೇಕು. ಕಾಯಿಲೆ ಮನುಷ್ಯನ ಕಿವಿಯ ಹತ್ತಿರ ದಿನವೂ ಕೂಗಾಡಿಸಿದರೆ ಇನ್ನೇನಾಗುತ್ತದೆ?

ಬೇಜಾರಾಗಿ ಕಾಗದ ಮಡಚಿ ಗಿಟಾರ್ ಪೆಟ್ಟಿಗೆಯಲ್ಲಿಟ್ಟೆ. ಅಮ್ಮನ ಎದುರು ಮಷೀನಿಗೆ ಬೈದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದಳು. ನಗಲಿಲ್ಲ, ನಾನೂ, ಅವಳೂ.

ಜೂನ್ 24, ಮಂಗಳವಾರ

ಬರೆಯಲು ಏನೂ ಇರಲಿಲ್ಲ.

ಇವತ್ತು ಮೀಸೆ ಬಂದ. ಮಷೀನಿನ ಮೇಲೆ ಅಮ್ಮ ಇಸ್ತ್ರಿ ಬಟ್ಟೆ ಪೇರಿಸಿದ್ದಳು. ಅಪ್ಪನ ಕೋಣೆಯ ಬಾಗಿಲಿನಿಂದಲೇ ಅದನ್ನು ನೋಡಿ ಅವನಿಗೆ ಸಂಕಟವಾಯಿತು.

"ಯಾಕೆ, ನೀನೂ ಮಷೀನೂ ಮಾತು ಬಿಟ್ಟಿದೀರಾ?"

ಎಲ್ಲ ಹೇಳಿದೆ. ಸದ್ದು, ಕಾಗದ, ಅಂಗೈ. ಅವನು ಒಳಗೆ ಹೋಗಿ ಅಪ್ಪನ ಪಕ್ಕ ಸುಮ್ಮನೆ ಕೂತು ಬಂದ. ಕಣ್ಣು ಕೆಂಪಾಗಿತ್ತು, ಧೂಳು ಅಂದ. ಅಮ್ಮ ಗುಡಿಸಿದ ಮನೆಯಲ್ಲಿ ಧೂಳು!

"ಸೋಮವಾರ ವ್ಯಾನ್ ಬರುತ್ತೆ. ಅದಕ್ಕೆ ಮುಂಚೆ ಒಂದಿನ ಸುಮ್ನೆ ಆಡೋಣ್ವಾ? ಏನೂ ಹುಡುಕೋದು ಬೇಡ. ಶನಿವಾರ ಬರ್ತೀನಿ."

ಹೂಂ ಅಂದೆ. ನನಗೂ ಆ ಮುದಿ ಯಂತ್ರದ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ನನ್ನ ಮೇಲೇ.

ಜೂನ್ 28, ಶನಿವಾರ, ಸಂಜೆ ಏಳು

ಹೇಗೆ ಬರೆಯಲಿ.

ಮೀಸೆ ಎರಡಕ್ಕೆ ಬಂದ. ಮಷೀನು ಅಪ್ಪನ ಕೋಣೆಯಲ್ಲೇ ಇತ್ತು, ಅಲ್ಲೇ ಹಾಕಿದೆವು. ಹಾಕಿದ್ದೇ ತಡ ನಾನು ಟ್ಯೂನ್ ನಾಬಿಗೆ ಕೈ ಹಾಕಿದೆ. ಅಪ್ಪನ ಅಂಗೈ ಬಂದು ಕೂತಿತು. ನಾನು ಆಫ್ ಮಾಡಲು ಹೋದೆ.

ಅಮ್ಮ ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಿದಳು.

"ಯಾಕೆ ಆರಿಸ್ತೀಯ?"

"ಅಪ್ಪ ಬೇಡ ಅಂತಿದಾರಲ್ಲ."

"ಬೇಡ ಅಂತ ಎಲ್ಲಿ ಅಂದ್ರು? ಬಿಸಿ ಆಗಿದ್ಯಾ ಅಂತ ನೋಡ್ತಿದಾರೆ ಕಣೆ. ಅಂಗಡೀಲಿ ಪ್ರತಿ ರೇಡಿಯೋಕ್ಕೂ ಹಾಗೇ ಮಾಡ್ತಿರ್ಲಿಲ್ವಾ? ಬೆನ್ನು ಬಿಸಿ ಆಗೋವರ್ಗೂ ಮುಳ್ಳು ಮುಟ್ಟೋಕೆ ಯಾರನ್ನೂ ಬಿಡ್ತಿರ್ಲಿಲ್ಲ."

ನಾನೂ ಮೀಸೆಯೂ ಮುಖ ಮುಖ ನೋಡಿಕೊಂಡೆವು. ಹದಿನೆಂಟು ವರ್ಷದ ಅನುಭವ ಇರುವ ಇಬ್ಬರು ದಡ್ಡರು! ಆ ಭಾನುವಾರ ಅದು ಐದು ಗಂಟೆ ಆನ್ ಇತ್ತು. ಕಾಗದದಲ್ಲಿ ಇಪ್ಪತ್ತಾರು ನಾಬ್ ಬರೆದೆ, ಬಿಸಿಯನ್ನು ಬರೆಯಲಿಲ್ಲ. ಆಮೇಲೆ ದಿನವೂ ತಣ್ಣಗಿರುವಾಗಲೇ ಅದರ ಕಿವಿ ಹಿಂಡಿ, ಅದು ಬೆಚ್ಚಗಾಗಿ ತನ್ನ ದಾರಿಗೆ ಬರುವಷ್ಟರಲ್ಲಿ ಆರಿಸಿಬಿಡುತ್ತಿದ್ದೆ. ಹದಿನೈದು ದಿನದ ಹಿಂದೆಯೇ ಅಪ್ಪ ಹೇಳಿದ್ದರು, ಮೂರು ದಿನ ಬಿಡದೆ. ನನಗೆ ಕೇಳಿಸಲಿಲ್ಲ. ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಪೆಟ್ಟಿಗೆಯಿಂದ ಕಾಗದ ತಂದೆ. ನಾಬ್‌ಗಳನ್ನು ಗುರುತಿಗೆ ಇಟ್ಟೆ. ಕೈ ಕಟ್ಟಿ ಕೂತೆವು. ಅಮ್ಮ ಕಾಫಿ ತಂದಳು. ಮೀಸೆ ಹತ್ತು ನಿಮಿಷಕ್ಕೊಮ್ಮೆ "ಈಗ?" ಅನ್ನುತ್ತಿದ್ದ. ಅಪ್ಪ ಕೈ ತೆಗೆಯಲಿಲ್ಲ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಅಂಗಡಿಯ ಸ್ಟೂಲಿನ ಮೇಲೆ ಕೂತ ಹಾಗೇ ಇತ್ತು, ಕಾಲು ನೆಲಕ್ಕೆ ಎಟುಕುತ್ತಿತ್ತು ಅಷ್ಟೆ.

ಮೂರು ಗಂಟೆಗೆ ಅಪ್ಪ ಅಂಗೈ ಎತ್ತಿ ನನ್ನ ಕಡೆ ನೋಡಿದರು. ಕೀ ಒತ್ತಿದೆ.

ಅದೇ.

ಎರಡು ಸೀಟಿಯೂ ತೂಗುತ್ತಾ ಕೋಣೆ ತುಂಬಿದವು. ಅಪ್ಪನ ಎಡಗೈ ಬಂದು ನಾಬ್ ಹಿಡಿಯಿತು. ಕೂದಲೆಳೆಯಷ್ಟು ತಿರುಗಿಸಿದರು. ತೂಗುವುದು ಇನ್ನೂ ನಿಧಾನವಾಯಿತು, ಉಸಿರಿನಷ್ಟು. ನನ್ನ ಕಾಗದಕ್ಕಿಂತ ಚೆನ್ನಾಗಿತ್ತು! ಎಷ್ಟು ಹೊತ್ತು ಕೂತಿದ್ದೆವೋ. ಮೀಸೆ ಈ ಸಲ ಧೂಳು ಅನ್ನಲಿಲ್ಲ.

ಅಪ್ಪ "ಮ್..." ಅಂದರು. ಇನ್ನೊಂದು ಸಲ "ಮು..." ಅಷ್ಟೇ. ಆಮೇಲೆ ಸುಸ್ತಾದರು.

ಇನ್ನೊಂದೇ ದಿನ ಇದೆ.

ಜೂನ್ 29, ಭಾನುವಾರ, ಬೆಳಿಗ್ಗೆ 9.10

ಸ್ವಿಚ್ ಹಾಕಿ ಹತ್ತು ನಿಮಿಷವಾಯಿತು. ನಾಳೆ ವ್ಯಾನ್. ಮೀಸೆ ಬಿಟ್ಟುಹೋದ ಟೇಪ್ ರೆಕಾರ್ಡರ್ ಪಕ್ಕದಲ್ಲಿದೆ, ಸದ್ದನ್ನು ಹಿಡಿದಿಡಲು. ಅಪ್ಪ ಮಷೀನಿನ ಬೆನ್ನಿನ ಮೇಲೆ ಅಂಗೈ ಇಟ್ಟು ಕೂತಿದ್ದಾರೆ. ನನ್ನ ಕೈ ಸುಮ್ಮನಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬಿಸಿಲು ಇನ್ನೂ ಕಿಟಕಿಯ ಸರಳಿನ ಮೇಲೇ ಇದೆ.

9.25

ಅಮ್ಮ ಸ್ನಾನಕ್ಕೆ ಹೋದಳು. ಒಂದು ಕೀ ಒತ್ತಿ ನೋಡಿದೆ. ಸೀಟಿಗಳು ಇನ್ನೂ ಜಗಳದಲ್ಲೇ ಇವೆ. ಮೇಲಿನದು ಸ್ವಲ್ಪ ಏರಿದೆ. ಸ್ವಲ್ಪವೇ. ಕಿವಿಗೆ ಕಚ್ಚುತ್ತಿದೆ. ಒಂಚೂರು ಇಳಿಸಿದರೆ ಏನಾಗುತ್ತದೆ ಅಂತ ಕೈ ಚಾಚಿದೆ —

9.26

"ಮುಟ್ಬೇಡ."

ಅಪ್ಪ. ಅಪ್ಪ ಅಂದರು. ಪೂರ್ತಿ ಪದ. ಅಂಗಡಿಯಲ್ಲಿ ಅನ್ನುತ್ತಿದ್ದ ಹಾಗೇ, ಮುಖ ನೋಡದೆ, ಗದರಿ. ಕೈ ಹಿಂದಕ್ಕೆಳೆದುಕೊಂಡೆ. ಅಮ್ಮನನ್ನು ಕರೆಯಬೇಕು, ಏಳಲಾಗುತ್ತಿಲ್ಲ, ಎದ್ದರೆ ಮಾತು ನಿಂತುಬಿಡುತ್ತದೇನೋ ಅಂತ ಭಯ. ಅಪ್ಪನ ತುಟಿ ಮತ್ತೆ ಅಲುಗುತ್ತಿದೆ. ನನ್ನ ಪೆನ್ನು ನೋಡುತ್ತಿದ್ದಾರೆ. ಇನ್ನೂ ಏನೋ ಹೇ