ದೇವರಿಗೊಂದು, ಕೈಗೊಂದು, ತಲೆಗೊಂದು, ನಗೋಕೊಂದು

ಶನಿವಾರ, ಮಧ್ಯಾಹ್ನ ಊಟದ ಹೊತ್ತು

ಪ್ರೀತಿಯ ಅಕ್ಕಾ,

ನಿನ್ನ ರೇಡಿಯೋ ಶುರುವಾಯ್ತು. ಫೋನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದ್ರೂ ಕಾಗದದ ಥರಾನೇ ಇರಬೇಕು ಅಂತ ನಿನ್ನ ಹಟ. ಆಗಲಿ, ಮೊಣಕಾಲು ಆಪರೇಷನ್ ಆಗಿ ಮಲಗಿರೋರ ಮಾತು ಮೀರೋಕಾಗುತ್ತಾ? ನೋವು ಹೇಗಿದೆ? ಭಾವನ ಅಡುಗೆ ಸುಧಾರಿಸ್ತಾ, ಇಲ್ಲ ಅದೂ ಒಂದು ನೋವೇನಾ?

ಈ ವಾರ ಇಂಟರ್‌ನೆಟ್‌ನಲ್ಲಿ ಸಿಕ್ಕಿದ ನಾಲ್ಕು ವಿಡಿಯೋ ಬಗ್ಗೆ ಕೇಳು. ದೇವರ ಲೆಕ್ಕಕ್ಕೆ, ಯಾರೂ ಬರದ ಪ್ರಾರ್ಥನೆ ಮನೇಲಿ ದಿನಾ ಸಂಜೆ ದೀಪ ಹಚ್ಚೋ ಒಬ್ಬ ಮುದುಕ. ಯಾಕಜ್ಜಾ ಅಂತ ಯಾರೋ ಕೇಳಿದ್ರೆ, "ಜನ ಬರಲ್ಲ ಅಂತ ದೇವರನ್ನ ಕತ್ತಲಲ್ಲಿ ಕೂರಿಸೋಕಾಗುತ್ತೇನಪ್ಪಾ" ಅಂದ. ಮತ್ತೆ ಮತ್ತೆ ನೋಡಿದೆ. ಕೈಗೆ, ಹರಿದ ಛತ್ರಿ ಬಟ್ಟೇಲಿ ಗಾಳಿಪಟ ಹೊಲಿಯೋ ಒಬ್ಬ ಹೆಂಗಸು. ನೋಡಿದ್ರೆ ನಿನಗೂ ಸೂಜಿ ಹಿಡಿಯೋಣ ಅನ್ಸುತ್ತೆ. ತಲೆಗೆ, ಸೂಟು ಹಾಕಿದವನೊಬ್ಬನ ಭಾಷಣ. "ನಾಯಕನಾದವನು ಮೊದಲು ಕುರ್ಚಿ ಬಿಟ್ಟು ಏಳಬೇಕು" ಅಂತಾನೆ. ಅವನಿಗೇನು, ಎದ್ದರೂ ಕುರ್ಚಿ ಅಲ್ಲೇ ಇರುತ್ತೆ.

ನಗೋಕೆ ಒಂದು ಗಿಳಿ. ಫೋನ್ ಥರ ರಿಂಗ್ ಮಾಡಿ ಮನೆಯಮ್ಮನ್ನ ಬಚ್ಚಲಿಂದ ಓಡಿಸುತ್ತೆ, ಅವಳು ಬಂದ್ಮೇಲೆ "ಹಲೋ" ಅನ್ನುತ್ತೆ. ನಾನು ನಕ್ಕ ರಭಸಕ್ಕೆ ಸೆಕ್ಯುರಿಟಿಯವನು ಬಾಗಿಲು ತೆಗೆದು ಇಣುಕಿದ. "ಸಾರ್, ಒಬ್ರೇ ನಗ್ತಿದ್ದೀರಿ. ಇದನ್ನೂ ರಿಪೋರ್ಟ್ ಮಾಡ್ಲಾ?"

"ಮಾಡಪ್ಪಾ, ಜೊತೆಗೆ ಗಿಳಿ ಇತ್ತು ಅಂತಾನೂ ಸೇರಿಸು" ಅಂದೆ.

ಹೋದ ವಾರ ನೀನು, "ಫ್ಯಾಕ್ಟರೀಲಿ ಮಷಿನ್ ರಿಪೇರಿ ಮಾಡೋನಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರುತ್ತೋ?" ಅಂತ ಕೇಳ್ದೆ. ನಾನು ಮಾತು ತೇಲಿಸಿದೆ. ಈಗ ಹೇಳ್ತೀನಿ, ಗಾಬರಿ ಆಗಬೇಡ.

ನನ್ನನ್ನ ಮಷಿನ್ ಹತ್ತಿರ ಬಿಡ್ತಿಲ್ಲ ಅಕ್ಕಾ. ಪ್ರೆಸ್ ಮಷಿನ್‌ಗೆ ಸಿಕ್ಕಿ ನಮ್ಮಲ್ಲೊಬ್ಬ ಹೆಂಗಸಿನ ಬೆರಳು ಹೋಯ್ತು. ಕೈ ಅಡ್ಡ ಬಂದ್ರೆ ಅದು ನಿಲ್ತಿಲ್ಲ ಅಂತ ನಾನು ಮೊದಲೇ ಬಡ್ಕೊಂಡಿದ್ದೆ. ಆಮೇಲೆ ಮ್ಯಾನೇಜರ್, "ಮಷಿನ್ ಸರಿ ಇತ್ತು, ತಪ್ಪು ಅವಳದೇ ಅಂತ ಬರ್ಕೊಡಿ" ಅಂದ್ರು. ಆಗಲ್ಲ ಅಂದೆ. ಮಾರನೇ ದಿನದಿಂದ ಒಂದು ರೂಮಲ್ಲಿ ಕೂರಿಸಿದ್ದಾರೆ. ಮೇಜು, ಕುರ್ಚಿ, ಕಂಪ್ಯೂಟರ್. ಕಿಟಕಿ ಇದೆ, ಅದರೆದುರು ಗೋಡೆ. ಬೆಳಿಗ್ಗೆ ಹಾಜರಿಗೆ ಬೆರಳೊತ್ತಿ ಒಳಗೆ ಬಂದ್ರೆ ಸಂಜೆವರೆಗೂ ಒಂದು ಕೆಲಸ ಕೊಡಲ್ಲ. ಮಷಿನ್ ಕಡೆ ಹೋದ್ರೆ ಮಾತು ಮೀರಿದ ಹಾಗೆ, ಮನೆಗೆ ಹೋದ್ರೆ ಕೆಲಸ ಬಿಟ್ಟ ಹಾಗೆ. ಗೋಡೆಯಾಚೆ ಸದ್ದು ಕೇಳುತ್ತೆ, ಯಾವ ಬೇರಿಂಗ್ ಹೋಗ್ತಿದೆ ಅಂತ ಕೂತಲ್ಲೇ ಗೊತ್ತಾಗುತ್ತೆ. ಕೈ ಕಡಿಯುತ್ತೆ ಅಕ್ಕಾ. ಏಳೋ ಹಾಗಿಲ್ಲ.

ಬೇಸತ್ತು ತಾನಾಗೇ ಹೋಗಲಿ ಅಂತ ಅವರ ಆಟ. ನಿನಗೆ ಕಳಿಸೋಕೆ ಏನಾದ್ರೂ ಹುಡುಕಬೇಕಲ್ಲ, ಅದೇ ನನ್ನನ್ನ ಇಷ್ಟು ದಿನ ಕೂರಿಸಿದ್ದು. ಈಗ ಅದೇ ಕುತ್ತಿಗೆಗೆ ಬಂದಿದೆ. ನಿನ್ನೆ ಮ್ಯಾನೇಜರ್ ಕರೆಸಿ, ನಾನು ನೋಡಿದ್ದೆಲ್ಲ ಒಂದೊಂದಾಗಿ ತೆಗೆದು ತೋರಿಸಿದ್ರು. ದೀಪ, ಗಾಳಿಪಟ, ಗಿಳಿ. "ಡ್ಯೂಟೀಲಿ ಮೋಜು ಮಾಡಿದ್ದೀರಿ. ಸೋಮವಾರ ಆ ಹೆಂಗಸಿನ ವಿಷಯ ಬರ್ಕೊಡಿ, ಇಲ್ಲಾ ರಾಜೀನಾಮೆ ಕೊಡಿ. ಎರಡೂ ಬೇಡ ಅಂದ್ರೆ ನಾವೇ ತೆಗೀತೀವಿ."

"ಕೆಲಸ ಕೊಡಿ ಸಾರ್, ಗಿಳೀನ ಬಿಟ್ಬಿಡ್ತೀನಿ" ಅಂದೆ. ನಗಲಿಲ್ಲ ಪುಣ್ಯಾತ್ಮ.

ಬರ್ಕೊಟ್ರೆ ಅವಳಿಗೆ ಪರಿಹಾರ ತಪ್ಪುತ್ತೆ. ಬಿಟ್ರೆ, ಐವತ್ತು ದಾಟ್ತಿರೋನಿಗೆ ಯಾರು ಕೆಲಸ ಕೊಡ್ತಾರೆ? ನನ್ನ ಹೆಂಡತಿಗೆ ಇದ್ಯಾವುದೂ ಗೊತ್ತಿಲ್ಲ. ಸಂಜೆ ಆದ್ರೆ, "ಇವತ್ತು ಯಾವ ಮಷಿನ್ ಕೆಟ್ಟಿತ್ತು ರೀ?" ಅಂತಾಳೆ. ಬಾಯಿಗೆ ಬಂದಿದ್ದು ಹೇಳ್ತೀನಿ. ನನ್ನ ಲೆಕ್ಕದಲ್ಲಿ ಇಡೀ ಫ್ಯಾಕ್ಟರಿ ಕೆಟ್ಟು ರಿಪೇರಿ ಆಗಿದೆ. ನೀನೂ ಬಾಯಿ ಬಿಡಬೇಡ. ಸೋಮವಾರ ಏನು ಮಾಡ್ಲಿ, ಅಷ್ಟು ಹೇಳು.

ಬೆಲ್ ಹೊಡೀತು. ಒಳಗೆ ಹೋಗಿ ಕೂರಬೇಕು.

ಇಂತಿ,
ನಿನ್ನ ರೇಡಿಯೋ

ತಾ.ಕ.: ಈಗ ಮನೇಲಿದ್ದೀನಿ, ಇದನ್ನ ಇನ್ನೂ ಕಳಿಸಿರಲಿಲ್ಲ. ನಿನಗಿಂತ ಮೊದಲು ನನ್ನ ಹೆಂಡತಿಗೆ ಹೇಳಬೇಕು ಅನ್ನಿಸ್ತು, ಹೇಳಿಬಿಟ್ಟೆ. ಬಟ್ಟೆ ಮಡಚ್ತಿದ್ದೋಳು ತಲೆ ಎತ್ತಲಿಲ್ಲ. "ಎರಡು ತಿಂಗಳಿಂದ ನಿಮ್ಮ ಅಂಗಿಗೆ ಒಂದು ಎಣ್ಣೆ ಕಲೆ ಇಲ್ಲ. ಒಗೆಯೋಳು ಯಾರು ಅಂದ್ಕೊಂಡ್ರಿ? ಇವತ್ತಾದ್ರೂ ಹೇಳ್ತೀರೇನೋ ಅಂತ ದಿನಾ ಕೇಳ್ತಿದ್ದೆ" ಅಂದ್ಲು. ಸೋಮವಾರ ಏನನ್ನೂ ಬರ್ಕೊಡಲ್ಲ, ಹೋಗಿ ಕೂರ್ತೀನಿ, ತೆಗೆಯೋದಾದ್ರೆ ಅವರೇ ತೆಗೀಲಿ ಅಂದೆ. ಅವಳೆದ್ದು, ಮದುವೆಗಳಿಗೆ ಅಂತ ಎತ್ತಿಟ್ಟಿದ್ದ ನನ್ನ ಬಿಳೀ ಅಂಗಿ ತೆಗೆದು ಮಂಚದ ಮೇಲಿಟ್ಲು. "ಇದನ್ನೇ ಹಾಕ್ಕೊಂಡು ಹೋಗಿ. ಹೇಗೂ ಕೊಳೆ ಆಗಲ್ವಲ್ಲ."