ಅಕ್ಕನ ಕಾಲಿನ ತಪ್ಪಲ್ಲ

ಮಾರ್ಚ್ ೧೪, ಶನಿವಾರ

ಬೆಳಿಗ್ಗೆ ಗೇಟಿನ ಏರಿನಲ್ಲಿ ಕಾರಿನ ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ತುಳಿದೆ. ಕಾಲು ತೆಗೆದರೂ ಕಾರು ನುಗ್ಗಿತು. ಬ್ರೇಕ್ ಒತ್ತಿ ಉಳಿದುಕೊಂಡೆ. ಆಕ್ಸಿಲರೇಟರ್ ಕೇಬಲ್ ಬಿಚ್ಚಿ ನೋಡಿದರೆ, ಕೊಳವೆಯೊಳಗೆ ತಂತಿಯ ಮೂರು ಎಳೆಗಳು ಕಡಿದು ಮುಳ್ಳಿನಂತೆ ನಿಂತಿದ್ದವು. ಪೂರ್ತಿ ಎಳೆದಾಗ ಮಾತ್ರ ಸಿಕ್ಕಿಕೊಳ್ಳುತ್ತಿತ್ತು.

ಹೋದ ವರ್ಷ ಇದೇ ಏರಿನಲ್ಲಿ ಅಕ್ಕ ಇದೇ ಕಾರನ್ನು ಕಂಬಕ್ಕೆ ಗುದ್ದಿದ್ದಳು. "ಕಾಲು ತೆಗೆದೆ ಕಣೋ, ಆದ್ರೂ ಓಡ್ತು" ಎಂದಿದ್ದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಾನು ಅಂದಾಗ ಮನೆಯವರೆಲ್ಲ ನಕ್ಕಿದ್ದರು. ಅಂದಿನಿಂದ ಅವಳು ಸ್ಟೀರಿಂಗ್ ಮುಟ್ಟಿಲ್ಲ. ಎರಡು ಬಸ್ಸು ಬದಲಿಸಿ ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತಾಳೆ.

ಹೊಸ ಕೇಬಲ್ ಹಾಕಿ, ಹಳೆಯದನ್ನು ಅವಳ ಮುಂದಿಟ್ಟು ಎಲ್ಲವನ್ನೂ ವಿವರಿಸಿದೆ. ಕಡಿದ ಎಳೆಗಳನ್ನು ಅವಳು ಒಂದೊಂದಾಗಿ ಮುಟ್ಟಿ ನೋಡಿದಳು.

"ನನ್ನ ಕಾಲನ್ನ ನಾನೇ ನಂಬದಂಗೆ ಮಾಡಿಬಿಟ್ರಲ್ಲೋ" ಎಂದಳು.

ಕಾರಿನ ಬೀಗದ ಕೈ ಚಾಚಿದೆ. ಅವಳು ತೆಗೆದುಕೊಳ್ಳದೆ ಒಳಗೆ ಹೋದಳು.

ಕೇಬಲ್ಲಿನ ದೋಷವನ್ನೆಲ್ಲ ಹೇಳಿದೆ. ತಪ್ಪಾಯಿತಕ್ಕಾ ಎಂಬ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅವಳ ಕೋಣೆಯ ದೀಪ ಇನ್ನೂ ಉರಿಯುತ್ತಿದೆ. ಈಗಲೇ ಎದ್ದು ಹೋಗಿ ಆ ಮಾತನ್ನು ಹೇಳಿಬಿಡುತ್ತೇನೆ.