ರೀವಗಳ ಬಂಡೆ ಮೇಲಿನ ಸುಣ್ಣ

ಚಿಕ್ಕಪ್ಪ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿ, ಒಂದೇ ಅಂಗಡಿಯಲ್ಲಿ ಇದ್ದವರು ಕಾಗದ ಯಾವಾಗ ಬರೆಯಬೇಕಿತ್ತು ಹೇಳು? ಈಗಲೂ ಬರೆಯುತ್ತಿರಲಿಲ್ಲ. ಆದರೆ ಬರುವ ಭಾನುವಾರ ಹಕ್ಕಿ ಎಣಿಸುವ ಗುಂಪಿನವರು ನಿನ್ನ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಲು ಬರುತ್ತಿದ್ದಾರೆ. ಒಂದೊಂದು ಪುಟವನ್ನೂ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುತ್ತಾರಂತೆ, ಯಾರು ಬೇಕಾದರೂ ಓದಬಹುದಂತೆ. ಅದರಲ್ಲಿ ನಿನ್ನ ಕೈಬರಹದಲ್ಲೇ ಒಂದು ಸಾಲಿದೆ: ‘ರೀವದ ಮೊಟ್ಟೆ ಎಲ್ಲ ಕಳವು. ತೆಗೆದವನು ಜವರಯ್ಯ.’ ಆ ಸಾಲು ಸುಳ್ಳು. ಸುಳ್ಳು ಅಂತ ನನಗೆ ಆವತ್ತೇ ಗೊತ್ತಿತ್ತು. ನೀನಿರುವಾಗ ಬಾಯಿ ಬಿಡಲಿಲ್ಲ. ಈಗ ಹೇಳುತ್ತೇನೆ, ಕೋಪ ಮಾಡಿಕೊಳ್ಳುವುದಾದರೆ ಮಾಡಿಕೋ.

ಅಗ್ರಹಾರದ ಅಂಗಡಿಗೆ ನಾನು ಮೊದಲು ಬಂದ ದಿನ ನೆನಪಿದೆಯಾ? ಅಪ್ಪ ತೀರಿಕೊಂಡ ತಿಂಗಳಲ್ಲೇ, ಕನ್ನಡಕದ ಕೆಲಸ ಕಲಿ ಬಾ ಅಂತ ಊರಿಂದ ಕರೆದುಕೊಂಡು ಬಂದಿದ್ದೆ. ಕಣ್ಣು ಪರೀಕ್ಷೆಗೆ ಕೂತಿದ್ದ ಒಬ್ಬರು ಹಿರಿಯರ ಮೂಗಿನ ಮೇಲೆ ಆ ದಪ್ಪ ಫ್ರೇಮು ಏರಿಸಿ, ಗಾಜು ಬದಲಾಯಿಸುವುದನ್ನು ಅರ್ಧಕ್ಕೇ ಬಿಟ್ಟು, ನೀನು ಅವರಿಗೆ ಯಾವುದೋ ಸಮುದ್ರದ ಹಕ್ಕಿಯ ವಿಷಯ ಹೇಳುತ್ತಿದ್ದೆ. ಕರಿ ಬೆನ್ನಿನ ರೀವವಂತೆ, ಇಂಗ್ಲಿಷಿನಲ್ಲಿ ಟರ್ನ್ ಅನ್ನುತ್ತಾರಂತೆ, ರೆಕ್ಕೆ ಬಲಿತು ಒಂದು ಸಲ ಹಾರಿದರೆ ವರ್ಷಗಟ್ಟಲೆ ನೆಲಕ್ಕೆ ಕಾಲಿಡುವುದಿಲ್ಲವಂತೆ, ನೀರಿನ ಮೇಲೂ ಕೂರುವುದಿಲ್ಲವಂತೆ, ನಿದ್ದೆಯನ್ನೂ ಗಾಳಿಯಲ್ಲೇ ಮಾಡುತ್ತದಂತೆ. ಆ ಹಿರಿಯರು ಸಾವಕಾಶವಾಗಿ, “ಅದು ಹಾರ್ತಾ ಇರ್ಲಿ ಸ್ವಾಮಿ, ಮೊದ್ಲು ನಂಗೆ ಮೂರನೇ ಸಾಲು ಕಾಣೋ ಹಂಗೆ ಮಾಡಿ” ಅಂದರು. ನಾನು ಬಂದಾಗಿನಿಂದ ಅತ್ತುಕೊಂಡೇ ಇದ್ದವಳು ಆವತ್ತು ನಕ್ಕುಬಿಟ್ಟೆ.

ಮೈಸೂರು ಬಿಟ್ಟರೆ ಧರ್ಮಸ್ಥಳ, ಅದರಾಚೆ ಹೋದವನಲ್ಲ ನೀನು. ಆದರೆ ಲೋಕದ ರೀವಗಳೆಲ್ಲ ನಿನ್ನ ಪಕ್ಕದ ಬೀದಿಯವು ಅನ್ನುವ ಹಾಗೆ ಮಾತಾಡುತ್ತಿದ್ದೆ. ಉತ್ತರ ಧ್ರುವದಲ್ಲಿ ಮರಿ ಮಾಡಿ, ದಕ್ಷಿಣ ಧ್ರುವದ ತನಕ ಹೋಗಿ, ವರ್ಷದೊಳಗೆ ವಾಪಸು ಬರುವ ಆರ್ಕ್ಟಿಕ್ ರೀವ ನಿನಗೆ ಎಲ್ಲಕ್ಕಿಂತ ಇಷ್ಟ. “ಎರಡು ಕಡೆ ಬೇಸಿಗೇನೂ ನೋಡುತ್ತೆ ಕಣೇ, ಅದರಷ್ಟು ಬೆಳಕು ಕಂಡ ಜೀವ ಇನ್ನೊಂದಿಲ್ಲ” ಅನ್ನುತ್ತಿದ್ದೆ. ಪೆರು ದೇಶದ ಇಂಕಾ ರೀವಕ್ಕೆ ಬಿಳಿ ಮೀಸೆ ಇದೆ ಅಂತ ಗೊತ್ತಾದಾಗ ನೀನೂ ಮೂರು ತಿಂಗಳು ಮೀಸೆ ಬಿಟ್ಟೆ, ಚೆನ್ನಾಗಿರಲಿಲ್ಲ ಬುಡು. ಗೂಡನ್ನೇ ಕಟ್ಟದೆ ಬರೀ ಕೊಂಬೆಯ ಮೇಲೆ ಒಂದೇ ಮೊಟ್ಟೆ ಇಡುವ ಬಿಳಿ ರೀವದ ಕತೆಯನ್ನು ಮಾತ್ರ ನಾನು ಬಹಳ ದಿನ ನಂಬಲಿಲ್ಲ. ಗಾಳಿ ಬಂದರೆ? “ಬಿದ್ದರೆ ಬಿತ್ತು. ಮತ್ತೆ ಇಡುತ್ತೆ” ಅಂದೆ ನೀನು.

ನನ್ನನ್ನು ನೋಡಲು ಹಿನಕಲ್‌ನಿಂದ ಗಂಡಿನವರು ಬಂದ ದಿನವಂತೂ ನಾನು ಸಾಯುವ ತನಕ ಮರೆಯುವುದಿಲ್ಲ. ಗಂಡು ರೀವ ಮೀನು ಹಿಡಿದು ತಂದು ಹೆಣ್ಣಿನ ಮುಂದೆ ಹಿಡಿಯುತ್ತೆ, ಒಪ್ಪಿಗೆಯಾದರೆ ಮಾತ್ರ ಅದು ಬಾಯಿ ಹಾಕುತ್ತೆ ಅಂತ ನೀನು ಹಿಂದಿನ ವಾರವಷ್ಟೇ ಹೇಳಿದ್ದೆ. ಅವರು ಉಪ್ಪಿಟ್ಟು ತಿಂದು ಹೋದ ಮೇಲೆ ನನ್ನ ಮುಖ ನೋಡಿ, “ಮೀನು ಸ್ವಲ್ಪ ಚಿಕ್ಕದಾಯ್ತು, ಅಲ್ವೇನೇ?” ಅಂದೆ. ನಾನು ಹೂಂ ಅಂದೆ. ಆಮೇಲೆ ಬಂದ ಮೀನುಗಳೂ ಚಿಕ್ಕವೇ. ನಾವಿಬ್ಬರೇ ಉಳಿದೆವು, ನನಗೇನೂ ಕೊರತೆ ಅನ್ನಿಸಲಿಲ್ಲ. ಈಗ ಅನ್ನಿಸುತ್ತಿದೆ. ದಟ್ಟಗಳ್ಳಿಯ ಈ ಮನೆಯಲ್ಲಿ ಸಂಜೆ ಬಾಗಿಲು ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಅದನ್ನು ನೋಡಿದರೆ ಏನೋ ಒಂದು ಥರಾ…

ಪ್ರತಿ ಜನವರಿಯಲ್ಲಿ ಲಿಂಗಾಂಬುಧಿ ಕೆರೆಗೆ ಎಣಿಕೆಗೆ ಹೋಗುತ್ತಿದ್ದೆವಲ್ಲ, ನಮ್ಮ ಕೆಲಸದ ರೀತಿಯೇ ಬೇರೆ ಇತ್ತು. ನೀನು ದುರ್ಬೀನಿನಲ್ಲಿ ನೋಡಿ ಕೂಗುವುದು, ನಾನು ಬರೆಯುವುದು. ಬರೆಯುವವರು ತಲೆ ಎತ್ತಬಾರದು, ಎತ್ತಿದರೆ ಒಂದು ಹಕ್ಕಿ ಲೆಕ್ಕ ತಪ್ಪುತ್ತದೆ ಅನ್ನುವುದು ನಿನ್ನ ಕಾನೂನು. ಚಳಿಗಾಲದಲ್ಲಿ ಬರುವ ಮೀಸೆ ರೀವಗಳು ನೀರಿಗೆ ಕೊಕ್ಕು ತಾಗಿಸಿಕೊಂಡು ಹೋಗುತ್ತಿರುವಾಗ ನಾನು ನೋಡುತ್ತಿದ್ದುದು ಗೀಟು ಹಾಕಿದ ಹಾಳೆಯನ್ನು. ಇನ್ನೊಂದು ಕಾನೂನೂ ಇತ್ತು. ಪುಸ್ತಕದಲ್ಲಿ ಬರೆದದ್ದನ್ನು ಅಳಿಸಬಾರದು. ತಪ್ಪಾಗಿದ್ದರೆ ಹಳೆಯದು ಓದಲು ಬರುವ ಹಾಗೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಹೆಸರು ಹಾಕಬೇಕು.

ಹೊಳೆಯಲ್ಲಿ ಮೀನು ಹಿಡಿಯುವ ಜವರಯ್ಯ ನಮ್ಮನ್ನು ಮೊದಲ ಸಲ ತೆಪ್ಪದಲ್ಲಿ ಕೂರಿಸಿಕೊಂಡಾಗ ನೀನು ಹೆದರಿ ಅವನ ಹೆಗಲು ಹಿಡಿದುಕೊಂಡಿದ್ದೆ. ಹೊಳೆಯ ನಡುವಿನ ಆ ಉದ್ದ ಬಂಡೆಯನ್ನು ತೋರಿಸಿಕೊಟ್ಟವನೇ ಅವನು. ಕರಿ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿ ಬಾಲದ ನಮ್ಮ ಹೊಳೆ ರೀವಗಳು ಬೇಸಿಗೆಯಲ್ಲಿ ಆ ಬಂಡೆಯ ಮೇಲಿನ ಮರಳಿನಲ್ಲಿ ಮೊಟ್ಟೆ ಇಡುತ್ತವೆ, ಮೊಟ್ಟೆ ಯಾವುದು ಕಲ್ಲು ಯಾವುದು ಗೊತ್ತಾಗುವುದಿಲ್ಲ. ಬಿಸಿಲು ಏರಿದಾಗ ತಾಯಿ ಹಕ್ಕಿ ಹೊಳೆಗಿಳಿದು ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುವುದನ್ನು ಅವನು ನಮಗಿಂತ ಮೊದಲೇ ನೋಡಿದ್ದ. “ಕಾದ್ ಕಲ್ಮೇಲೆ ಮಡ್ಗವ್ಳಲ್ಲ ಅಣ್ಣಯ್ಯ, ಬೆಂದೋಗ್ಬಾರ್ದು ಅಂತ” ಅಂದಿದ್ದ. ನೀನು ಆ ಮಾತನ್ನು ಹಾಗೇ ಪುಸ್ತಕದಲ್ಲಿ ಬರೆಸಿದೆ. ಹದಿನೈದು ಬೇಸಿಗೆ ಅವನ ತೆಪ್ಪ, ಅವನ ಮನೆ ಮುದ್ದೆ, ಅವನ ಎಲೆ ಅಡಿಕೆ. ನಿನಗೆ ನನ್ನನ್ನು ಬಿಟ್ಟರೆ ಸ್ನೇಹ ಅಂತ ಇದ್ದದ್ದು ಅವನೊಬ್ಬನದೇ ಅಲ್ಲವಾ?

ನಾಲ್ಕು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ನೀನು ಕೂಗಿದ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ. ಹನ್ನೊಂದು ಗೂಡು ಅಂದೆ, ಆಮೇಲೆ ಹದಿನಾಲ್ಕು, ಆಮೇಲೆ ಒಂಬತ್ತು. ಊರಿನ ಕಣ್ಣೆಲ್ಲ ನೋಡಿದ ನಿನಗೆ ನಿನ್ನ ಕಣ್ಣು ಮಂಜಾದದ್ದು ತಿಳಿಯದೇ ಇರುತ್ತದೆಯೇ? ಸ್ಕೂಟರಿನಲ್ಲಿ ವಾಪಸು ಬರುವಾಗ, “ಇನ್ಮೇಲೆ ಎಣಿಸೋದು ಬೇಡ ಕಣೇ ಗಿರಿಜ, ಸುಳ್ಳು ಲೆಕ್ಕ ಬರೆಯೋ ಬದಲು ಸುಮ್ನಿರೋದು ಮೇಲು” ಅಂದೆ. ನನಗೆ ತಡೆಯಲಾಗಲಿಲ್ಲ. ನಿನಗೆ ಗೊತ್ತಾಗದ ಹಾಗೆ ಸರಿಯಾದ ಲೆಕ್ಕ ನಾನೇ ಮಾಡಿ, ಪುಸ್ತಕದಲ್ಲಿ ಬರೆದು, ‘ನೋಡು, ಸರಿಯಾಗೇ ಹೇಳಿದೆ’ ಅಂತ ನಿನ್ನನ್ನು ನಂಬಿಸಿಬಿಡೋಣ ಅಂದುಕೊಂಡೆ.

ಮುಂದಿನ ಭಾನುವಾರ ಹೊಳೆ ದಡದಲ್ಲಿ ಜವರಯ್ಯನ ಹತ್ತಿರ ಹೋಗಿ, ಕೈಗೆ ಕಣಜ ಕಚ್ಚಿತು, ಸ್ವಲ್ಪ ಸುಣ್ಣ ಕೊಡು ಅಂದೆ. ಕಣಜವೂ ಇಲ್ಲ, ಏನೂ ಇಲ್ಲ. ಅವನು ಸುಣ್ಣದ ಡಬ್ಬಿಯನ್ನೇ ಕೈಗಿಟ್ಟ. ತೆಪ್ಪ ಬಂಡೆಗೆ ತಾಗಿ ನಿಂತ ಮೇಲೆ ನೀವಿಬ್ಬರೂ ಅದರಲ್ಲೇ ಮಾತಾಡುತ್ತ ಕೂತಿದ್ದಾಗ ನಾನು ಬಂಡೆಯ ಆ ಬದಿಗೆ ಹತ್ತಿದೆ. ರೀವಗಳು ಕಿರುಚಿಕೊಂಡು ಬಂದು ತಲೆಗೆ ಕುಕ್ಕಿದವು, ಬೆನ್ನ ಮೇಲೆಲ್ಲ ಹಿಕ್ಕೆ ಹಾಕಿದವು. ಒಂದೇ ಗೂಡನ್ನು ಎರಡು ಸಲ ಎಣಿಸಬಾರದಲ್ಲ, ಅದಕ್ಕೆ ಎಣಿಸಿದ ಪ್ರತಿ ಗೂಡಿನ ಪಕ್ಕ ಕಲ್ಲಿನ ಮೇಲೆ ಒಂದೊಂದು ಬೊಟ್ಟು ಸುಣ್ಣ ಇಟ್ಟೆ. ಹನ್ನೆರಡು ಬೊಟ್ಟು. ಆಮೇಲೆ ನೀನು ದುರ್ಬೀನು ಹಿಡಿದು ಹದಿಮೂರು ಅಂದೆ, ನಾನು ಹನ್ನೆರಡು ಅಂತ ಬರೆದು, ಇನ್ನೊಂದು ಸಲ ನೋಡು ಅಂದೆ, ನೀನು ಹನ್ನೆರಡು ಅಂದೆ. ಎಷ್ಟು ಖುಷಿಪಟ್ಟೆ ನೀನು ಆವತ್ತು. ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಬಂದೆ.

ಹತ್ತು ದಿನ ಬಿಟ್ಟು ಹೋದಾಗ ಬಂಡೆ ಸದ್ದಿಲ್ಲದೆ ಬಿದ್ದಿತ್ತು. ತೆಪ್ಪ ಹತ್ತಿರವಾಗುತ್ತಿದ್ದಂತೆ ನನಗೆ ಕಂಡದ್ದು ಒಂದೇ ಒಂದು ಕಾಗೆ. ಅದು ಸಾವಕಾಶವಾಗಿ ನಡೆದುಕೊಂಡು ಒಂದು ಬೊಟ್ಟಿನ ಹತ್ತಿರ ಹೋಯಿತು, ನೆಲ ಕೆದಕಿತು, ಮುಂದಿನ ಬೊಟ್ಟಿಗೆ ಹೋಯಿತು. ಮೊಟ್ಟೆ ಎಲ್ಲಿದೆ ಅಂತ ನಾನೇ ಅದಕ್ಕೆ ಬರೆದುಕೊಟ್ಟಿದ್ದೆ. ನಿನಗೆ ಕಾಗೆ ಕಾಣಲಿಲ್ಲ. ಬಂಡೆ ಹತ್ತಿ, ಬರಿದಾದ ಮರಳು ತಡವಿ, ಕಲ್ಲಿನ ಮೇಲೆ ಕೈಯಾಡಿಸಿ, ಬೆರಳು ಮೂಸಿ ನೋಡಿದೆ. “ಸುಣ್ಣ” ಅಂದೆ. ಆಮೇಲೆ ಜವರಯ್ಯನ ಕಡೆ ತಿರುಗಿದೆ.

“ಗುರುತು ಹಾಕಿಟ್ಕೊಂಡು ಕದ್ದೆಯಲ್ಲೋ, ಹದಿನೈದು ವರ್ಷ ಇದಕ್ಕೇ ಏನೋ ಕಾದಿದ್ದು?” ಅಂದೆ ನೀನು. ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, “ನಾನಲ್ಲ ಅಣ್ಣಯ್ಯ” ಅಂದ. ಅಷ್ಟೇ. ಆಮೇಲೆ ನನ್ನ ಕಡೆ ನೋಡಿದ. ನನ್ನ ಕೈಯಲ್ಲಿ ಪುಸ್ತಕ, ಪೆನ್ನು. ನಾನು ತಲೆ ಎತ್ತಲಿಲ್ಲ, ಚಿಕ್ಕಪ್ಪ. ಬರೆಯುವವಳ ಹಾಗೆ ಹಾಳೆ ನೋಡುತ್ತ ನಿಂತೆ. ನೀನು ಪುಸ್ತಕ ಕಿತ್ತುಕೊಂಡು ಆ ಸಾಲನ್ನು ನಿನ್ನ ಕೈಯಾರೆ ಬರೆದೆ. ಆಮೇಲೆ ಅಂಗಡಿಗೆ ಬಂದ ಹಕ್ಕಿಯವರಿಗೆಲ್ಲ ಹೇಳಿದೆ. ಅವನ ತೆಪ್ಪ ಹತ್ತುವವರಿಲ್ಲದೆ ಹೋಯಿತು. ನೀನೂ ಹೊಳೆ ಕಡೆ ಮತ್ತೆ ಹೋಗಲಿಲ್ಲ. ಕೆರೆಗೂ ಹೋಗಲಿಲ್ಲ.

ಎಷ್ಟು ಸಲ ಹೇಳಲು ಬಾಯಿ ತೆರೆದಿದ್ದೇನೆ ಗೊತ್ತಾ? ಗಾಜು ಉಜ್ಜುವಾಗ, ಊಟಕ್ಕೆ ಕೂತಾಗ, ನಿನ್ನ ಕಣ್ಣಿಗೆ ಔಷಧಿ ಬಿಡುವಾಗ. ಹೇಳಿದರೆ ನೀನು ನನ್ನ ಕೈಲಿ ಪುಸ್ತಕ ಕೊಡುವುದಿಲ್ಲ, ಮೊದಲಿನ ಹಾಗೆ ಮಾತಾಡಿಸುವುದಿಲ್ಲ ಅನ್ನುವ ಭಯ. ಬೇರೆ ಯಾರಿದ್ದರು ನನಗೆ? ಆದರೆ ನಿನಗೂ ಇದ್ದವನು ಅವನೊಬ್ಬನೇ ಅನ್ನುವುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ. ಹೋದ ಶ್ರಾವಣದಲ್ಲಿ ನೀನು ಹೊರಟುಹೋದೆ.

ಮೊನ್ನೆ ಶುಕ್ರವಾರ ಅಂಗಡಿ ಮುಚ್ಚಿ ಜವರಯ್ಯನ ಮನೆಗೆ ಹೋದೆ. ಜಗುಲಿಯ ಮೇಲೆ ಬಲೆ ಹರಡಿಕೊಂಡು ಕೂತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ, ಸುಣ್ಣ, ಕಾಗೆ, ಪುಸ್ತಕ. ಅವನು ಬಲೆಯಿಂದ ಕೈ ತೆಗೆಯಲಿಲ್ಲ. “ಗೊತ್ತು ಕಣವ್ವ. ಸುಣ್ಣ ಈಸ್ಕಂಡೋಳು ನೀನೇ ಅಲ್ವಾ” ಅಂದ.

“ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?”

“ನೀನು ಏಳ್ತೀಯ ಅಂತ ಕಾದೆ.”

ಕ್ಷಮಿಸು ಅಂದೆ. ಅವನು ಆಗಲಿ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. “ಅದಿರ್ಲಿ. ನಾ ನಿಮ್ಮನೆ ತಾವ ಬಂದಾಗ ಅಣ್ಣಯ್ಯ ಮನಗವ್ರೆ ಅಂದ್ಯಲ್ಲ. ಎದ್ಮೇಲೆ ಏಳ್ದ್ಯಾ, ಜವರ ಬಂದಿದ್ದ ಅಂತ?” ಅಂತ ಕೇಳಿದ. ನಾನು ಬಲೆ ನೋಡುತ್ತ ನಿಂತೆ. ಅವನು ಮತ್ತೆ ಕೇಳಲೂ ಇಲ್ಲ, ಬಲೆಯ ಹರಿದ ಕಣ್ಣು ಹುಡುಕುತ್ತ ತಲೆ ಬಗ್ಗಿಸಿಕೊಂಡ.

ಇವತ್ತು ಬೆಳಿಗ್ಗೆ ನಿನ್ನ ಪುಸ್ತಕ ತೆರೆದು ಅವನ ಹೆಸರಿನ ಮೇಲೆ ಒಂದೇ ಗೀಟು ಎಳೆದೆ. ಪಕ್ಕದಲ್ಲಿ, ‘ಕಾಗೆ ತಿಂದವು. ಗೂಡಿನ ಪಕ್ಕ ಸುಣ್ಣ ಇಟ್ಟವಳು ಗಿರಿಜ. ಜವರಯ್ಯನ ತಪ್ಪಿಲ್ಲ’ ಅಂತ ಬರೆದು ಹೆಸರು ಹಾಕಿದೆ. ಭಾನುವಾರ ಬರುವವರ ಮುಂದೆ ಬಾಯಿಬಿಟ್ಟೂ ಹೇಳುತ್ತೇನೆ. ಅವರು ಏನಾದರೂ ಅಂದುಕೊಳ್ಳಲಿ.

ಇನ್ನೊಂದು ಮಾತು ಯಾವ ಪುಸ್ತಕದಲ್ಲೂ ಇಲ್ಲ, ಅದನ್ನು ಇಲ್ಲೇ ಬರೆಯಬೇಕು. ನೀನು ಹೋಗುವ ಹಿಂದಿನ ವಾರ, ಮಧ್ಯಾಹ್ನ ಮೂರು ಗಂಟೆಯಿರಬೇಕು, ಗೇಟಿನ ಸದ್ದಾಯಿತು. ನಾನು ಹೊರಗೆ ಹೋಗಿ ಬಂದೆ. “ಯಾರೇ ಅದು?” ಅಂತ ನೀನು ಮಲಗಿದ್ದಲ್ಲಿಂದಲೇ ಕೇಳಿದೆ. “ಕೊರಿಯರ್‌ನವನು, ಪಕ್ಕದ ಮನೆ ಕೇಳ್ತಿದ್ದ” ಅಂದೆ ನಾನು. ನೀನು “ಓ” ಅಂದು ಗೋಡೆ ಕಡೆ ತಿರುಗಿಕೊಂಡೆ. ಅದು ಕೊರಿಯರ್‌ನವನಲ್ಲ, ಚಿಕ್ಕಪ್ಪ. ಒಗೆದ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಎರಡು ಬಸ್ಸು ಬದಲಾಯಿಸಿ, ಆ ಬಿಸಿಲಲ್ಲಿ ಮನೆ ಹುಡುಕಿಕೊಂಡು ಜವರಯ್ಯ ಬಂದಿದ್ದ. ನಿನ್ನನ್ನು ನೋಡುವುದಕ್ಕೆ.

ಗಿರಿಜ